ಎರಡು ಮನೆ ಸಾಕು, ಮಗಳೇ

ಕಟಪಾಡಿ

ಪ್ರೀತಿಯ ಮಗಳೇ,

ಡಿಸೆಂಬರ್ ಕೊನೆಯ ವಾರ ಆರು ಮಂದಿ ಸೇರಿ ಮಂಗಳೂರಿನಿಂದ ಮರವಂತೆಗೆ ಸೈಕಲ್‌ನಲ್ಲಿ ಹೋಗುವ ನಿನ್ನ ಪ್ಲಾನ್ ಓದಿದೆ. ತುಂಬಾ ಖುಷಿಯಾಯಿತು. ಬೆಂಗಳೂರಿನ ಗೆಳೆಯರಿಗೆ ನಮ್ಮ ಕಡಲ ತೀರ ತೋರಿಸಬೇಕು ಅಂತ ನಿನಗೆ ಅನ್ನಿಸಿತಲ್ಲ, ಅದು ಸಣ್ಣ ವಿಷಯ ಅಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಒಂದೇ ದಿನದಲ್ಲಿ ನಾಲ್ಕು ಮನೆ ಬರೆದಿದ್ದೀ. ಸುರತ್ಕಲ್‌ನಲ್ಲಿ ಅತ್ತೆ, ಮೂಲ್ಕಿಯಲ್ಲಿ ಮಾವ, ಆಮೇಲೆ ನಾವು, ಕೊನೆಗೆ ಕೋಟದಲ್ಲಿ ನಿನ್ನ ಅಮ್ಮನ ಚಿಕ್ಕಮ್ಮ. ಮನೆಗೆ ಇಪ್ಪತ್ತು ನಿಮಿಷದ ಲೆಕ್ಕ. ಬೇಡ. ಎರಡು ಮನೆ ಸಾಕು.

ನೀನು ಬಿಆರ್‌ಎಂ ಅನ್ನುವ ಆ ದೂರದ ಸೈಕಲ್ ಸವಾರಿ ಮುಗಿಸಿದಾಗ ನಾನು ಊರಿಡೀ ಹೇಳಿಕೊಂಡು ಬಂದವನು. 200 ಕಿ.ಮೀ. ದೂರವನ್ನು 13.5 ಗಂಟೆಯೊಳಗೆ ತುಳಿದು ಮುಗಿಸುವುದು ಅಂದರೆ ಸುಮ್ನೆ ಅಲ್ಲ. ಅಲ್ಲಿ ಗಡಿಯಾರ ನೋಡಲೇಬೇಕು. ಕಂಟ್ರೋಲ್ ಪಾಯಿಂಟ್‌ನಲ್ಲಿ ಕಾರ್ಡಿಗೆ ಮುದ್ರೆ ಬಿದ್ದ ಕೂಡಲೇ ಹೊರಡಬೇಕು. ಆದರೆ ಕಳೆದ ಸಲ ನೀನು ನಮ್ಮ ಮನೆಗೂ ಹಾಗೇ ಬಂದು ಹೋದೆ. ಅಜ್ಜಿ ಬೆಲ್ಲ ನೀರು ತಂದು ಕೊಟ್ಟರು. ಜಗಲಿಯಲ್ಲಿ ನಿಂತುಕೊಂಡೇ ಕುಡಿದೆ. ಅಜ್ಜಿಯ ಜೊತೆ ಒಂದು ಫೋಟೋ ತೆಗೆದೆ, ಹೆಲ್ಮೆಟ್ ಹಾಕಿದೆ, ಹೋದೆ. ಸಂಜೆಯವರೆಗೂ ಅಜ್ಜಿ ಕೇಳುತ್ತಿದ್ದರು, ಅವಳು ಎಲ್ಲಿ ಊಟ ಮಾಡಿದಳೋ ಅಂತ. ಸಿಟ್ಟಿನಿಂದ ಇದನ್ನು ಬರೆಯುತ್ತಿಲ್ಲ. ನಿನಗೆ ಇದು ಗೊತ್ತಾಗಿರಲಿಕ್ಕಿಲ್ಲ ಅಂತ ಬರೆದೆ.

ಹಿರಿಯರ ಮಾತು ಮೊದಲ ಅರ್ಧ ಗಂಟೆಯಲ್ಲಿ ಹೊರಗೆ ಬರುವುದಿಲ್ಲ, ಮಗಳೇ. ಆಗ ಕೇಳುವುದೆಲ್ಲ ಯಾವಾಗಲೂ ಕೇಳುವುದನ್ನೇ. ಕೆಲಸ ಹೇಗಿದೆ, ಸಪೂರ ಆಗಿದ್ದೀಯಲ್ಲ, ಮದುವೆ ಯಾವಾಗ. ನಿನಗೆ ಬೇಸರ ಬರುವುದೂ ಅಲ್ಲೇ. ಆದರೆ ಊಟ ಆಗಿ, ಕೈ ತೊಳೆದು, ಎಲೆ ಅಡಿಕೆ ತಟ್ಟೆ ಹತ್ತಿರ ಎಳೆದುಕೊಂಡ ಮೇಲೆ ಅಜ್ಜಿ ಬೇರೆಯೇ ಆಗುತ್ತಾರೆ. ಈಗ ನೀನು ಹೆದ್ದಾರಿಯ ಸೇತುವೆ ಮೇಲೆ ಕಣ್ಣುಮುಚ್ಚಿ ತೆರೆಯುವುದರೊಳಗೆ ದಾಟುವ ಶಾಂಭವಿ ಹೊಳೆಯನ್ನು ಅವರು ಮದುವೆಯ ಹೊಸತರಲ್ಲಿ ದೋಣಿಯಲ್ಲಿ ದಾಟಿದವರು. ತವರಿಗೆ ಹೋಗುವುದೆಂದರೆ ಕಡವಿನಲ್ಲಿ ದೋಣಿಗೆ ಕಾಯುವುದು, ಮಳೆಗಾಲದಲ್ಲಿ ಹೊಳೆ ತುಂಬಿದರೆ ವಾಪಸ್ ಬರುವುದು. ಈ ಕತೆಯನ್ನು ನಿನಗೆ ಹೇಳಬೇಕು ಅಂತ ಅವರಿಗೆ ಬಹಳ ಆಸೆ. ಈಗ ಕಿವಿ ಮಂದವಾಗಿದೆ. ಮಾತಿಗೆ ಮಾತು ಸೇರಲು ಮೊದಲಿಗಿಂತ ಜಾಸ್ತಿ ಹೊತ್ತು ಬೇಕು.

ಅಂಚೆ ಹಂಚುವ ಕೆಲಸದಲ್ಲಿ ನಾನು ಕಂಡದ್ದೂ ಇದನ್ನೇ. ಮಕ್ಕಳು ಮುಂಬೈಯಲ್ಲಿ, ತಂದೆ ತಾಯಿ ಇಲ್ಲಿ. ಮನಿಆರ್ಡರ್ ಕೊಟ್ಟರೆ ಹಣ ಎಣಿಸುವ ಮೊದಲು ಕೂಪನ್ನಿನಲ್ಲಿ ಏನು ಬರೆದಿದೆ ಓದಿ ಹೇಳಿ ಅನ್ನುತ್ತಿದ್ದರು. ಇರುತ್ತಿದ್ದದ್ದು ಎರಡು ಸಾಲು. ಅದನ್ನು ಇನ್ನೊಮ್ಮೆ ಓದಿ ಅನ್ನುವವರೂ ಇದ್ದರು. ಸೈಕಲ್ ಸ್ಟ್ಯಾಂಡ್ ಹಾಕದೆ ಗೇಟಿನಲ್ಲೇ ಕಾಗದ ಕೊಟ್ಟು ಹೋದರೂ ನನ್ನ ಕೆಲಸ ಮುಗಿಯುತ್ತಿತ್ತು. ಆದರೆ ಕೆಲವು ಮನೆಗಳಲ್ಲಿ ಇಳಿಯಲೇಬೇಕಿತ್ತು. ಇಳಿಯದೆ ಹೋದರೆ ಅವರ ದಿನ ಹೇಗಿರುತ್ತದೆ ಅಂತ ನನಗೆ ಗೊತ್ತಿತ್ತು.

ಆದ್ದರಿಂದ ಹೀಗೆ ಮಾಡು. ಮೊದಲ ದಿನ ಮಂಗಳೂರಿನಿಂದ ನಮ್ಮ ಮನೆಯವರೆಗೆ ಮಾತ್ರ. ಮಧ್ಯಾಹ್ನದೊಳಗೆ ಬಂದು ಮುಟ್ಟಿ, ರಾತ್ರಿ ಇಲ್ಲೇ ಉಳಿಯಿರಿ. ಮಾರನೇ ದಿನ ಕೋಟ. ಅಲ್ಲಿ ಊಟ ಮಾಡಿ, ಬಿಸಿಲು ತಗ್ಗಿದ ಮೇಲೆ ಮರವಂತೆಗೆ ಹೊರಟರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ರಸ್ತೆ. ಸೂರ್ಯ ಮುಳುಗುವ ಹೊತ್ತಿಗೆ ಅದನ್ನು ನೋಡಬೇಕು. ಸುರತ್ಕಲ್ ಅತ್ತೆಗೂ ಮೂಲ್ಕಿ ಮಾವನಿಗೂ ಈಗಲೇ ಫೋನ್ ಮಾಡಿ ಹೇಳು, ಈ ಸಲ ಆಗುವುದಿಲ್ಲ, ಬಿಸು ಹಬ್ಬಕ್ಕೆ ಬರುತ್ತೇನೆ ಅಂತ. ಹೇಳಿದ ಮೇಲೆ ಬರಬೇಕು, ನೆನಪಿಟ್ಟುಕೋ. ಹೇಳದೆ ಅವರ ಮನೆ ಮುಂದೆಯೇ ಹಾದು ಹೋಗಿ ಸ್ಟೇಟಸ್ ಹಾಕಿದರೆ ಅವರು ನೋಡುತ್ತಾರೆ. ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಆದರೆ ನೊಂದುಕೊಳ್ಳುತ್ತಾರೆ.

ಇನ್ನು ದಾರಿಯ ವಿಷಯ. ಬೆಳಕು ಹರಿಯುತ್ತಿದ್ದ ಹಾಗೆ ಮಂಗಳೂರು ಬಿಡಿ. ಪಣಂಬೂರು, ಬೈಕಂಪಾಡಿ ಕಡೆ ಬಂದರಿನ ಲಾರಿ, ಟ್ಯಾಂಕರ್ ಜಾಸ್ತಿ. ಅಲ್ಲಿ ಮಾತು ಬೇಡ, ಫೋಟೋ ಬೇಡ, ಒಬ್ಬರ ಹಿಂದೆ ಒಬ್ಬರು ಸುಮ್ಮನೆ ತುಳಿದು ಸುರತ್ಕಲ್ ದಾಟಿ. ಬೇಗ ಹೊರಡಿ ಅನ್ನುವುದಕ್ಕೆ ಇನ್ನೊಂದು ಕಾರಣ ಗಾಳಿ. ಬೆಳಿಗ್ಗೆ ಗಾಳಿ ನೆಲದ ಕಡೆಯಿಂದ ಕಡಲಿಗೆ ಹೋಗುತ್ತದೆ. ಬಿಸಿಲೇರಿದ ಮೇಲೆ ಕಡಲಿನಿಂದ ತಿರುಗಿ ಬೀಸುತ್ತದೆ. ಉತ್ತರಕ್ಕೆ ಹೋಗುವವರಿಗೆ ಅದು ಅರ್ಧಂಬರ್ಧ ಮುಖಕ್ಕೇ ಹೊಡೆಯುತ್ತದೆ. ಸಪಾಟು ರಸ್ತೆಯಲ್ಲೂ ಏರು ಹತ್ತಿದ ಹಾಗೆ ಆಗುತ್ತದೆ.

ಕಾಪುವಿನವರೆಗೆ ಹೆದ್ದಾರಿಯಲ್ಲೇ ಬನ್ನಿ. ಅಲ್ಲಿ ಕಡಲ ಕಡೆ ತಿರುಗಿ. ದೀಪಸ್ತಂಭ 1901ರದ್ದು, ಬಂಡೆಯ ಮೇಲೆ ಕಟ್ಟಿದ್ದು. ಆಮೇಲೆ ಹೆದ್ದಾರಿಗೆ ವಾಪಸ್ ಹೋಗದೆ ಒಳದಾರಿಯಲ್ಲಿ ಮಟ್ಟುವಿಗೆ ಬನ್ನಿ, ಅಲ್ಲಿಂದ ನಮ್ಮ ಮನೆ ಹತ್ತಿರ. ಮಾರನೇ ಬೆಳಿಗ್ಗೆ ಮತ್ತೆ ಮಟ್ಟುವಿಗೆ ಇಳಿದು ಪಡುಕೆರೆ ಊರಿನ ಮೂಲಕ ಮಲ್ಪೆಗೆ ಹೋಗಿ. ಎಡಕ್ಕೆ ಕಡಲು, ಬಲಕ್ಕೆ ಉದ್ಯಾವರ ಹೊಳೆ, ನಡುವೆ ತೆಂಗಿನ ಮರ ಮತ್ತು ಮನೆಗಳು. ನನ್ನನ್ನು ಕೇಳಿದರೆ ಮರವಂತೆಗಿಂತ ಇದೇ ಚಂದ. ಯಾಕೆಂದರೆ ಇಲ್ಲಿ ಜನ ಬದುಕುವುದು ಕಾಣುತ್ತದೆ. ಬಲೆ ಸರಿಮಾಡುವವರು, ಮೀನು ಒಣಗಿಸುವವರು, ಶಾಲೆಗೆ ಹೋಗುವ ಮಕ್ಕಳು. ರಸ್ತೆ ಸಪೂರ, ಬದಿಯಲ್ಲಿ ಹೊಯಿಗೆ ಇರುತ್ತದೆ. ತೆಳ್ಳಗಿನ ಟಯರಿನವರು ತಿರುವಿನಲ್ಲಿ ಬ್ರೇಕ್ ಹಿಡಿದರೆ ಜಾರುತ್ತಾರೆ. ಆ ಮನೆಗಳ ಅಂಗಳ ಅಂದರೆ ಆ ರಸ್ತೆಯೇ. ಅಲ್ಲಿ ಸ್ಪೀಡ್ ತೋರಿಸಬೇಡಿ, ಕೇಳದೆ ಯಾರ ಫೋಟೋವನ್ನೂ ತೆಗೆಯಬೇಡಿ.

ಗುಂಪಿನಲ್ಲಿ ಇಬ್ಬರು ಹೊಸಬರು ಅಂತ ಬರೆದಿದ್ದೀ. ನನಗೆ ಚಿಂತೆ ಅವರದ್ದೇ. ಮುಂದೆ ಹೋಗುವವರ ಹಿಂದಿನ ಚಕ್ರದ ಪಕ್ಕಕ್ಕೆ ತಮ್ಮ ಮುಂದಿನ ಚಕ್ರ ತರಬಾರದು ಅಂತ ಅವರಿಗೆ ಮೊದಲೇ ಹೇಳು. ಮುಂದಿನವರು ಗುಂಡಿ ತಪ್ಪಿಸಲು ಸ್ವಲ್ಪ ವಾಲಿದರೂ ಚಕ್ರಕ್ಕೆ ಚಕ್ರ ತಾಗುತ್ತದೆ, ಬೀಳುವುದು ಹಿಂದಿನವರೇ. ಗುಂಡಿ ಕಂಡವರು ಕೈ ತೋರಿಸಿ ಕೂಗಬೇಕು. ಪಂಪು, ಟ್ಯೂಬು ಇರುವ ಗಟ್ಟಿ ಸವಾರರೊಬ್ಬರು ಯಾವಾಗಲೂ ಕೊನೆಯಲ್ಲಿರಲಿ.

ಇನ್ನೊಂದನ್ನು ಗುಂಪುಗಳಲ್ಲಿ ನೋಡಿದ್ದೇನೆ. ಮುಂದೆ ಹೋದವರು ಒಂದು ಕಡೆ ನಿಂತು ಬೊಂಡ, ಅಂದರೆ ಎಳನೀರು, ಕುಡಿದು ಸುಧಾರಿಸಿಕೊಳ್ಳುತ್ತಾರೆ. ಕೊನೆಯವರು ಏದುಸಿರು ಬಿಡುತ್ತಾ ಬಂದು ಮುಟ್ಟಿದ ಕೂಡಲೇ ಎಲ್ಲರೂ ಎದ್ದು ಹೊರಡುತ್ತಾರೆ. ಯಾರಿಗೆ ವಿಶ್ರಾಂತಿ ಬೇಕಿತ್ತೋ ಅವರಿಗೇ ಸಿಗುವುದಿಲ್ಲ. ಮರುದಿನ ಅವರು ಸೈಕಲ್ ಮುಟ್ಟುವುದಿಲ್ಲ, ತನ್ನಿಂದ ಎಲ್ಲರಿಗೂ ತಡವಾಯಿತು ಅಂತ ಒಳಗೊಳಗೇ ಕೊರಗುತ್ತಾರೆ. ನೀನು ಕರೆದುಕೊಂಡು ಬರುವವಳು, ಇದನ್ನು ನೋಡಿಕೊಳ್ಳುವುದು ನಿನ್ನ ಕೆಲಸ. ಕೊನೆಗೆ ಬಂದವರು ಕುಳಿತು, ನೀರು ಕುಡಿದು, ಹೋಗೋಣ ಅಂತ ಅವರೇ ಹೇಳಿದ ಮೇಲೆ ಹೊರಡಿ. ಬೆಂಗಳೂರಿನವರಿಗೆ ನಮ್ಮ ಸೆಕೆ ಗೊತ್ತಿಲ್ಲ. ಬೆವರು ಆರುವುದೇ ಇಲ್ಲ. ಬರೀ ನೀರು ಸಾಲದು, ಉಪ್ಪೂ ಹೋಗಬೇಕು. ಇಲ್ಲಿ ಬಂದರೆ ಗಂಜಿ ತೆಳಿಗೆ ಉಪ್ಪು ಹಾಕಿ ಕೊಡುತ್ತೇವೆ.

ಮೂರನೇ ದಿನ ಆಗುಂಬೆ ಅಂತ ಕೊನೆಯಲ್ಲಿ ಬರೆದಿದ್ದೀ. ಸೋಮೇಶ್ವರದಿಂದ 14 ತಿರುವು. ನಿನಗೆ ಕಷ್ಟ ಇಲ್ಲ, ಹೊಸಬರಿಗೆ ಈ ಸಲ ಬೇಡ. ಹತ್ತುವಾಗ ಇರುವ ಭಯಕ್ಕಿಂತ ಇಳಿಯುವಾಗ ಇರಬೇಕಾದ ಭಯ ದೊಡ್ಡದು.

ಮನೆಗೆ ಬರುವವರ ಬಗ್ಗೆಯೂ ಸ್ವಲ್ಪ ಹೇಳುತ್ತೇನೆ. ನಿನ್ನ ಗೆಳೆಯರು ನಮಗೆ ಭಾರ ಅಂತ ಅಂದುಕೊಳ್ಳಬೇಡ. ಆರು ಮಂದಿ ಬಂದರೆ ಈ ಮನೆಗೆ ಕಳೆ. ಚಾವಡಿಯಲ್ಲಿ ಚಾಪೆ ಹಾಸಿದರೆ ಎಲ್ಲರಿಗೂ ಜಾಗ ಆಗುತ್ತದೆ. ಸೈಕಲ್ ತೊಳೆಯಲು ಬಾವಿಕಟ್ಟೆಯ ಹತ್ತಿರ ನೀರಿದೆ. ಬಂದ ಕೂಡಲೇ ಎಲ್ಲರೂ ಫೋನ್ ಚಾರ್ಜಿಗೆ ಹಾಕಿ ಮೂಲೆ ಹಿಡಿಯುವುದು ಮಾತ್ರ ಬೇಡ. ಒಬ್ಬೊಬ್ಬರನ್ನಾಗಿ ಅಜ್ಜಿಗೆ ಪರಿಚಯ ಮಾಡಿಸು, ಹೆಸರು ಗಟ್ಟಿಯಾಗಿ ಹೇಳು, ಅವರ ಊರು ಯಾವುದು ಅಂತಲೂ ಹೇಳು. ಊರು ತಿಳಿಯದೆ ಅಜ್ಜಿಗೆ ಮಾತು ಶುರು ಮಾಡಲು ಆಗುವುದಿಲ್ಲ. ರಾತ್ರಿ ಹತ್ತಿರದಲ್ಲಿ ಎಲ್ಲಾದರೂ ಯಕ್ಷಗಾನ ಆಟ ಇದ್ದರೆ ಆಸಕ್ತಿ ಇರುವವರನ್ನು ನಾನೇ ಕರೆದುಕೊಂಡು ಹೋಗುತ್ತೇನೆ. ನೀನು ಮಾತ್ರ ಅಜ್ಜಿಯ ಹತ್ತಿರ ಇರು.

ಮೀನು ತಿನ್ನದವರು ಎಷ್ಟು ಮಂದಿ ಅಂತ ಮೊದಲೇ ತಿಳಿಸು. ದೊಡ್ಡಮ್ಮ ಅವರಿಗೆ ಮಟ್ಟು ಗುಳ್ಳ ಬದನೆಯ ಹುಳಿ ಮಾಡುತ್ತೇನೆ ಅನ್ನುತ್ತಿದ್ದಾಳೆ, ಉಳಿದವರಿಗೆ ಬಂಗುಡೆ ಪುಳಿಮುಂಚಿ. ಖಾರ ಕಡಿಮೆ ಮಾಡಬೇಕಾ ಅಂತಲೂ ಕೇಳಿ ಹೇಳು. ಬೊಂಡ ಕೊಯ್ಯುವವರಿಗೆ ನಾನು ಮೊದಲೇ ಹೇಳಿಡಬೇಕು, ಆದ್ದರಿಂದ ತಾರೀಕು ಬದಲಾದರೆ ಮೆಸೇಜ್ ಬೇಡ, ಫೋನ್ ಮಾಡು. ಅಜ್ಜಿಗೂ ನಿನ್ನ ಸ್ವರ ಕೇಳಿದ ಹಾಗಾಗುತ್ತದೆ.

ಇಂತಿ ನಿನ್ನ
ದೊಡ್ಡಪ್ಪ