ಮಾಲ್‌ನೊಳಗಿನ ಗಗನನೌಕೆ

ಸ್ಟಾಕ್‌ಹೋಮ್

ಪ್ರೀತಿಯ ತಮ್ಮನಿಗೆ,

ಅಪ್ಪ, ಅಮ್ಮನಿಗೆ ನಮಸ್ಕಾರ ತಿಳಿಸು. ಕಿರುಚಿತ್ರಕ್ಕೆ ಗಗನನೌಕೆ ಬೇಕು, ಕೈಯಲ್ಲಿ ಕಾಸಿಲ್ಲ ಅಂತ ಬರೆದಿದ್ದೀಯಲ್ಲ, ಪ್ಲೈವುಡ್ ಕೊಳ್ಳುವ ಮೊದಲು ‘ಅನಿಯಾರಾ’ ನೋಡು. 2018ರ ಸ್ವೀಡಿಷ್ ಚಿತ್ರ. ಪೆಲ್ಲಾ ಕೋಗರ್‌ಮನ್ ಮತ್ತು ಹ್ಯೂಗೋ ಲಿಲ್ಯಾ ಸೇರಿ ನಿರ್ದೇಶಿಸಿದ್ದು. ಹ್ಯಾರಿ ಮಾರ್ಟಿನ್‌ಸನ್ 1956ರಲ್ಲಿ ಪ್ರಕಟಿಸಿದ 103 ಖಂಡಗಳ ಕಾವ್ಯವೇ ಅದಕ್ಕೆ ಮೂಲ. ಆ ಕಾವ್ಯಕ್ಕೆ ಇಲ್ಲಿ ಎಷ್ಟು ಮಾನ ಅಂದರೆ, 2019ರಲ್ಲಿ ದೇಶಕ್ಕೊಂದು ನಕ್ಷತ್ರಕ್ಕೆ ಹೆಸರಿಡುವ ಅವಕಾಶ ಸಿಕ್ಕಾಗ ಇವರು ತಮ್ಮದಕ್ಕೆ ಅನಿಯಾರಾ ಅಂತಲೇ ಇಟ್ಟರು. ನಾವು ವಿಜ್ಞಾನಿ ಬಿಭಾ ಚೌಧುರಿಯವರ ನೆನಪಿಗೆ ‘ಬಿಭಾ’ ಅಂತ ಇಟ್ಟೆವು.

ಕಥೆ ಇಷ್ಟೇ. ಭೂಮಿ ಹಾಳಾಗಿ ಜನ ಮಂಗಳಕ್ಕೆ ಗುಳೆ ಹೊರಟಿದ್ದಾರೆ. ಮೂರು ವಾರದ ದಾರಿ. ಬಾಹ್ಯಾಕಾಶದ ಕಸಕ್ಕೆ ಸಿಕ್ಕಿ ನೌಕೆಗೆ ಪೆಟ್ಟಾಗುತ್ತದೆ, ಇಂಧನವನ್ನೆಲ್ಲ ಹೊರಗೆ ಚೆಲ್ಲಬೇಕಾಗುತ್ತದೆ. ತಿರುಗಿಸುವುದಕ್ಕೆ ಇನ್ನೇನೂ ಉಳಿದಿಲ್ಲ, ಹೋಗುತ್ತಲೇ ಇರಬೇಕು.

ಇದರಲ್ಲಿ ನೀನು ಕಲಿಯಬೇಕಾದದ್ದು ಚಿತ್ರಕಥೆಯಿಂದ. ನೌಕೆ ಅಂದರೆ ಯಂತ್ರಗಾರವಲ್ಲ, ಪ್ರಯಾಣಿಕರಿಗೆ ಬೇಸರ ಆಗದಂತೆ ಕಟ್ಟಿದ ಅಂಗಡಿ ಬೀದಿ ಅಂತ ಅವರು ಮೊದಲೇ ತೀರ್ಮಾನಿಸಿದರು. ಹಾಗಾಗಿ ಎಸ್ಕಲೇಟರ್ ಇರುವ ಮಾಲ್‌ಗಳಲ್ಲಿ, ಫಿನ್‌ಲ್ಯಾಂಡ್‌ಗೆ ಹೋಗುವ ದೊಡ್ಡ ಪ್ರಯಾಣಿಕ ಹಡಗುಗಳಲ್ಲಿ ಚಿತ್ರೀಕರಣ ಸಾಧ್ಯವಾಯಿತು. ಹಡಗಿನ ಕಿಟಕಿಯಿಲ್ಲದ ಕ್ಯಾಬಿನ್ನು, ಕಾರ್ಪೆಟ್ ಹಾಸಿದ ಉದ್ದನೆ ಓಣಿ, ಯಾವುದನ್ನೂ ಹೊಸದಾಗಿ ಕಟ್ಟಬೇಕಿಲ್ಲ. ಕಾಲ ಸರಿದದ್ದನ್ನು ‘ಇಂತಿಷ್ಟನೇ ವರ್ಷ’ ಅನ್ನುವ ಅಕ್ಷರಗಳು ಹೇಳುತ್ತವೆ. ಅದಕ್ಕೆ ಖರ್ಚೇ ಇಲ್ಲ. ಜಾಗ ಅದೇ, ಆದರೆ ಕೊಳೆ ಹೆಚ್ಚುತ್ತದೆ, ಬೆಳಕು ಕಡಿಮೆಯಾಗುತ್ತದೆ. ಎಲ್ಲಿಯೂ ಸಿಗದ ಜಾಗ ಒಂದೇ, ‘ಮಿಮಾ’ ಅನ್ನುವ ಯಂತ್ರ ಇರುವ ಕೋಣೆ. ಜನ ಅಲ್ಲಿ ದಿಂಬಿಗೆ ಮುಖ ಒತ್ತಿ ಬೋರಲು ಮಲಗುತ್ತಾರೆ, ಮೇಲಿನ ಬೆಳಕು ಅವರ ನೆನಪಿನ ಕಾಡು, ಕೆರೆಗಳನ್ನು ತೋರಿಸುತ್ತದೆ. ಬೋರಲು ಮಲಗಿಸಿದ್ದು ಜಾಣತನ. ಯಾರೂ ಮೇಲೆ ನೋಡದಿದ್ದರೆ ಯಂತ್ರದ ವಿವರ ಯಾರಿಗೆ ಬೇಕು?

ನಿಮ್ಮೂರಲ್ಲಿ ಆಸ್ಪತ್ರೆ ಓಣಿಯೋ ಕಾಲೇಜಿನ ನೆಲಮಾಳಿಗೆಯೋ ಸಿಕ್ಕರೆ ಕಥೆಯನ್ನೇ ಅದಕ್ಕೆ ಬಗ್ಗಿಸು. ಕಟ್ಟಲೇಬೇಕು ಅಂದರೆ 16 ಅಡಿ ಓಣಿ ಸಾಕು. 8×4ರ 6 ಮಿಮೀ ಪ್ಲೈ ನಿಲ್ಲಿಸಿದರೆ ಒಂದು ಬದಿಗೆ ನಾಲ್ಕು, ಒಟ್ಟು ಎಂಟು ಹಾಳೆ. ಹಿಂದೆ 2×1 ಇಂಚಿನ ರೀಪರ್ ಚೌಕಟ್ಟು. ಅಟ್ಟದ ಮೇಲಿರುವುದನ್ನು ಅಪ್ಪನನ್ನು ಕೇಳಿಯೇ ಇಳಿಸು. ಅಗಲ ನಾಲ್ಕೂವರೆ ಅಡಿ ಇರಲಿ. ಒಂದು ಬದಿಯ ಹಾಳೆಗಳಿಗೆ ಮೊಳೆ ಬೇಡ, ಬೋಲ್ಟ್ ಹಾಕು. ಕ್ಯಾಮೆರಾ ಹಿಂದಕ್ಕೆ ಸರಿಯಬೇಕಾದಾಗ ಬಿಚ್ಚಬಹುದು. ಕೊನೆಯಲ್ಲಿ ಒಂದು ತಿರುವು ಕೊಟ್ಟರೆ ಓಣಿ ಎಲ್ಲಿ ಮುಗಿಯಿತು ಅಂತ ತಿಳಿಯುವುದಿಲ್ಲ, ಬಾಗಿಲಿನ ಸಂಖ್ಯೆ ಬದಲಿಸಿ ಅದನ್ನೇ ಇನ್ನೊಂದು ಅಂತಸ್ತು ಮಾಡಬಹುದು. ಚಾವಣಿ ಪೂರ್ತಿ ಮುಚ್ಚಬೇಡ. ನಾಲ್ಕು ಅಡಿಗೊಂದು ತೊಲೆಯಂತೆ ಅಡ್ಡಪಟ್ಟಿ ಕೊಟ್ಟರೆ ನಡುವಿನ ಸಂದಿಯಲ್ಲಿ ದೀಪವೂ ಮೈಕೂ ಅಡಗುತ್ತವೆ. ಬಣ್ಣ ಮ್ಯಾಟ್ ಬೂದಿಯೇ ಆಗಲಿ. ಹೊಳೆಯುವ ಬಣ್ಣದಲ್ಲಿ ನಿಮ್ಮ ಗುಂಪಿನ ಮುಖಗಳೆಲ್ಲ ಕಾಣುತ್ತವೆ. ಮೊಟ್ಟೆ ಟ್ರೇ ಅಂಟಿಸುವ ಆಸೆ ಬಿಡು. ಎಷ್ಟು ಬಣ್ಣ ಹೊಡೆದರೂ ಅದು ಮೊಟ್ಟೆ ಟ್ರೇನೇ.

ಹೆಚ್ಚಿನವರು ಎಡವುವುದು ದೀಪದಲ್ಲಿ. 5050 ಜಾತಿಯ ಎಲ್‌ಇಡಿ ಪಟ್ಟಿ, ಮೀಟರ್‌ಗೆ 60 ದೀಪದ್ದು, 5 ಮೀಟರ್‌ಗೆ ಸುಮಾರು 72 ವ್ಯಾಟ್ ಎಳೆಯುತ್ತದೆ. ಅಂದರೆ 12 ವೋಲ್ಟ್‌ನಲ್ಲಿ 6 ಆಂಪಿಯರ್. 5 ಆಂಪಿಯರ್ ಅಡಾಪ್ಟರ್ ಬಿಸಿಯಾಗುತ್ತದೆ. 8 ಅಥವಾ 10ರದ್ದು ತಗೊ. ಒಂದೇ ತುದಿಯಿಂದ ಕರೆಂಟು ಕೊಟ್ಟರೆ ಬಾಲ ಮಂಕಾಗುತ್ತದೆ, ಎರಡೂ ತುದಿಗೆ ವೈರ್ ಎಳೆ. ಹಾಲುಬಿಳಿ ಅಕ್ರಿಲಿಕ್ ಹಾಳೆಯನ್ನು ಪಟ್ಟಿಯಿಂದ ಎರಡು ಇಂಚು ಮುಂದಿಡು, ಇಲ್ಲದಿದ್ದರೆ ಚುಕ್ಕೆ ಚುಕ್ಕೆ ಕಂಡು ಗಣಪತಿ ಪೆಂಡಾಲ್ ಆಗುತ್ತದೆ. ಅಗ್ಗದ ಡಿಮ್ಮರ್ ಬೇಡ. ಅದು ದೀಪವನ್ನು ವೇಗವಾಗಿ ಆರಿಸಿ ಹತ್ತಿಸಿಯೇ ಬೆಳಕು ತಗ್ಗಿಸುವುದು, ಕ್ಯಾಮೆರಾದಲ್ಲಿ ಅಡ್ಡಗೆರೆ ಓಡುತ್ತದೆ. ಬೆಳಕು ಹೆಚ್ಚಾದರೆ ಟ್ರೇಸಿಂಗ್ ಪೇಪರ್ ಹೊದಿಸು. ಹಳೇ ಟ್ಯೂಬ್‌ಲೈಟ್ ಇರುವ ಓಣಿಯಾದರೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಡು. ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟ್ ಅದರ ತಾಳಕ್ಕೇ ಮಿಣುಕುವುದು. ಫೋನ್‌ನಲ್ಲಿ 30 ಫ್ರೇಮ್, 1/60 ಇದ್ದರೆ ಮಿಣುಕು ತಪ್ಪಿದ್ದಲ್ಲ.

ಕಿಟಕಿ ಸುಲಭ. ವಾತಾವರಣ ಇಲ್ಲದ ಕಡೆ ನಕ್ಷತ್ರ ಮಿನುಗುವುದಿಲ್ಲ, ದೂರದವು ಸರಿದು ಹೋಗುವುದೂ ಇಲ್ಲ. ಕರಿ ವೆಲ್ವೆಟ್ ಬಟ್ಟೆ ಸಾಕು. ಒಳಗೆ ದೀಪ ಉರಿಯುತ್ತಿದ್ದರೆ ಕ್ಯಾಮೆರಾಕ್ಕೆ ನಿಜವಾಗಿಯೂ ಬರೀ ಕಪ್ಪೇ ಕಾಣುವುದು. ಕಿಟಕಿಯ ಅಕ್ರಿಲಿಕ್ ಹಾಳೆಯನ್ನು ಸ್ವಲ್ಪ ಕೆಳಮುಖವಾಗಿ ಓರೆ ಮಾಡಿದರೆ ಪ್ರತಿಬಿಂಬ ನೆಲದ ಕಡೆ ಹೋಗುತ್ತದೆ.

ಸದ್ದಿಗೆ ದುಡ್ಡು ಉಳಿಸದೆ, ನೌಕೆಯ ಹೊರನೋಟದ ಗ್ರಾಫಿಕ್ಸ್‌ಗೆ ಎಲ್ಲ ಸುರಿದರೆ ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದ ಹಾಗೆ. ಫ್ರಿಜ್, ಫ್ಯಾನ್ ಆರಿಸಿ ಮಾತು ರೆಕಾರ್ಡ್ ಮಾಡು. ಆಮೇಲೆ ಯಾವುದಾದರೂ ಯಂತ್ರದ ಗುಂಯ್‌ ಸದ್ದನ್ನು ಎರಡು ನಿಮಿಷ ಬೇರೆಯಾಗಿ ಹಿಡಿದು, ಎಲ್ಲ ಶಾಟ್‌ಗಳ ಕೆಳಗೂ ತುಂಡಾಗದಂತೆ ಹಾಸು. ಶಾಟ್ ಬದಲಾದಾಗ ಹಿನ್ನೆಲೆ ಸದ್ದು ಕಡಿದರೆ ನೌಕೆ ಅಲ್ಲೇ ಪ್ಲೈವುಡ್ ಆಗುತ್ತದೆ. ಎಂಜಿನ್ ಕೆಡುವ ದೃಶ್ಯದಲ್ಲಿ ಮಾತ್ರ ಅದನ್ನು ಪೂರ್ತಿ ನಿಲ್ಲಿಸು.

ಚೊಕ್ಕ ಓಣಿಯ ದೃಶ್ಯಗಳನ್ನೆಲ್ಲ ಮೊದಲು ಮುಗಿಸಿ, ಆಮೇಲೆ ಕೊಳೆ ಮಾಡಿ. ಮಸಿ ಬಳಿದ ಪ್ಲೈ ಮತ್ತೆ ತೊಳೆದರೆ ಪದರ ಬಿಡುತ್ತದೆ. ಓಣಿಯ ಅಳತೆ, ದೀಪ ಎಲ್ಲೆಲ್ಲಿ ಅಂತ ಕಾಗದದ ಮೇಲೆ ಗೀಚಿ ಕಳಿಸು, ವೈರಿನ ಲೆಕ್ಕ ಬರೆದು ಕಳಿಸುತ್ತೇನೆ.

ಇಂತಿ,
ನಿನ್ನ ಅಕ್ಕ