ಮುಂದಿನ ಬ್ಯಾಚ್‌ನಿಂದ ಡ್ರಾಯಿಂಗ್ ಕ್ಲಾಸು, ಕಲಾ ಇತಿಹಾಸದ ಕ್ಲಾಸು ಎರಡೂ ಒಂದೇ

ಎಲ್ಲರಿಗೂ ನಮಸ್ಕಾರ,

ನಮ್ಮ ಹತ್ರ ಡ್ರಾಯಿಂಗ್ ಕಲೀತಿರೋರು, ಕಲಾ ಇತಿಹಾಸದ ಕ್ಲಾಸಿಗೆ ಬರ್ತಿರೋರು, ಸೇರೋಣ್ವಾ ಬೇಡ್ವಾ ಅಂತ ಇನ್ನೂ ಯೋಚನೆ ಮಾಡ್ತಿರೋರು, ಎಲ್ರಿಗೂ ಸೇರಿಸಿ ಈ ಪತ್ರ ಬರೀತಿದೀವಿ. ಮುಂದಿನ ಬ್ಯಾಚ್‌ನಿಂದ ಈ ಎರಡು ಕ್ಲಾಸು ಬೇರೆ ಬೇರೆ ಇರಲ್ಲ. ಒಂದೇ ಕ್ಲಾಸು, ಒಂದೇ ಮೇಜು, ಕೈಯಲ್ಲಿ ಪೆನ್ಸಿಲ್ ಇರುವಾಗ್ಲೇ ಎದುರಿಗೆ ಒಂದು ಹಳೇ ಚಿತ್ರಾನೂ ಇರತ್ತೆ. ನಮ್ಮದು ಕಲಿಸೋರೇ ಪಾಲುದಾರರಾಗಿರೋ ಸಣ್ಣ ಸಹಕಾರಿ, ಹಾಗಾಗಿ ಎಲ್ರೂ ಕೂತು ಮಾತಾಡಿ ಒಪ್ಕೊಂಡ ಮೇಲೇನೇ ನಿಮಗೆ ತಿಳಿಸ್ತಿರೋದು.

ಯಾಕೆ ಈ ಬದಲಾವಣೆ ಅಂತ ಕೇಳೋ ಹಕ್ಕು ನಿಮಗಿದೆ, ಅದಕ್ಕೇ ಸ್ವಲ್ಪ ಉದ್ದ ಆದ್ರೂ ಪರ್ವಾಗಿಲ್ಲ ಅಂತ ಬಿಡಿಸಿ ಬರೀತೀವಿ. ಡ್ರಾಯಿಂಗ್ ಕ್ಲಾಸಲ್ಲಿ ಮತ್ತೆ ಮತ್ತೆ ಬರೋ ಪ್ರಶ್ನೆ, "ನೋಡಿದ್ದು ನೋಡಿದ ಹಾಗೆ ಕಾಗದದ ಮೇಲೆ ಬರ್ತಿಲ್ವಲ್ಲ, ಯಾಕೆ?" ಇತಿಹಾಸದ ಕ್ಲಾಸಲ್ಲಿ ಬರೋ ಪ್ರಶ್ನೆ, "ಈ ಚಿತ್ರನ ಯಾಕೆ ಇಷ್ಟು ದೊಡ್ಡದು ಅಂತಾರೆ, ನಂಗೇನೂ ಕಾಣ್ತಿಲ್ವಲ್ಲ?" ಎರಡನ್ನೂ ಪಕ್ಕಪಕ್ಕ ಇಟ್ಕೊಂಡ್ರೆ ಒಂದೇ ಪ್ರಶ್ನೆ, ನೋಡೋದು ಹೇಗೆ ಅನ್ನೋದು. ಮೊದಲನೆಯವರ ಕೈಯಲ್ಲಿ ಪೆನ್ಸಿಲ್ ಇದೆ, ಆದ್ರೆ ಇದೇ ಕಷ್ಟ ಹಿಂದೆ ಬೇರೆಯವರಿಗೂ ಬಂದಿತ್ತು ಅವರು ಹೇಗೆ ದಾಟಿದ್ರು ಅನ್ನೋದು ಗೊತ್ತಿಲ್ಲ. ಎರಡನೆಯವರಿಗೆ ಇಸವಿ, ಹೆಸರು, ಶೈಲಿ ಎಲ್ಲಾ ಬಾಯಿಗೆ ಬರತ್ತೆ, ಆದ್ರೆ ಆ ಒಂದು ಗೆರೆ ಎಳೆಯೋಕೆ ಎಷ್ಟು ಕಷ್ಟ ಪಡ್ಬೇಕು ಅನ್ನೋದು ಕೈಗೆ ಗೊತ್ತಿಲ್ಲ.

ಮೊದಲನೇ ಕ್ಲಾಸು ಗೆರೆಯದ್ದು. ಅವತ್ತು ರಬ್ಬರ್ ಇರಲ್ಲ, ಅದಕ್ಕೊಂದು ಕಾರಣ ಇದೆ. 1484ರಲ್ಲಿ ಆಲ್ಬ್ರೆಕ್ಟ್ ಡ್ಯೂರರ್, ಮುಂದೆ ಜರ್ಮನಿಯ ದೊಡ್ಡ ಚಿತ್ರಕಾರ ಆದೋನು, ಆಗ 13 ವರ್ಷದ ಹುಡುಗ, ಕನ್ನಡಿ ನೋಡ್ಕೊಂಡು ತನ್ನದೇ ಚಿತ್ರ ಬರೆದ, ಅದು ಈಗ್ಲೂ ವಿಯೆನ್ನಾದ ಆಲ್ಬರ್ಟೀನಾ ಮ್ಯೂಸಿಯಂನಲ್ಲಿದೆ. ಬರೆದಿದ್ದು ಸಿಲ್ವರ್‌ಪಾಯಿಂಟ್‌ನಲ್ಲಿ, ಅಂದ್ರೆ ಲೇಪ ಹಚ್ಚಿದ ಕಾಗದದ ಮೇಲೆ ಬೆಳ್ಳಿ ಕಡ್ಡಿಯಿಂದ, ಒಂದ್ಸಲ ಗೆರೆ ಬಿದ್ರೆ ಅಳಿಸೋಕಾಗಲ್ಲ, ಹಾಗಾಗಿ ಕೈ ಇಡೋ ಮುಂಚೆ ಕಣ್ಣು ಪೂರ್ತಿ ನೋಡಿ ಮುಗಿಸಿರ್ಬೇಕು. ನಾವು ಬಳಸೋ ಹೆಚ್ಬಿ, ಟೂಬಿ ಪೆನ್ಸಿಲ್ ತುಂಬಾ ಈಚಿನದು. 1795ರಲ್ಲಿ ಫ್ರಾನ್ಸ್ ಬ್ರಿಟನ್ ಮಧ್ಯೆ ಯುದ್ಧ ನಡೀತಿದ್ದಾಗ ಫ್ರಾನ್ಸಿಗೆ ಇಂಗ್ಲೆಂಡಿನ ಗ್ರಾಫೈಟ್ ಸಿಗ್ತಿರ್ಲಿಲ್ಲ, ಆಗ ನಿಕೊಲಾ ಜಾಕ್ ಕಾಂಟೆ ಅನ್ನೋರು ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ ಸುಟ್ಟು ಕಡ್ಡಿ ಮಾಡಿದ್ರು. ಮಣ್ಣು ಜಾಸ್ತಿ ಹಾಕಿದ್ರೆ ಗಟ್ಟಿ ಮತ್ತು ತೆಳು ಗೆರೆ, ಕಮ್ಮಿ ಹಾಕಿದ್ರೆ ಮೆದು ಮತ್ತು ಕಪ್ಪು ಗೆರೆ. ಇದನ್ನ ಒಂದ್ಸಲ ತಿಳ್ಕೊಂಡ್ರೆ ಯಾವ ಪೆನ್ಸಿಲ್ ಯಾವಾಗ ತಗೋಬೇಕು ಅನ್ನೋದನ್ನ ಬಾಯಿಪಾಠ ಮಾಡೋ ಅಗತ್ಯಾನೇ ಇಲ್ಲ.

ಪ್ರಪೋರ್ಷನ್, ಅಂದ್ರೆ ದೇಹದ ಭಾಗಗಳ ಅಳತೆಯ ಹೊಂದಿಕೆ ಕಲಿಯೋಕೆ ಈಜಿಪ್ಟ್‌ಗೆ ಹೋಗ್ತೀವಿ. ಅಲ್ಲಿನ ಚಿತ್ರಕಾರರು ಗೋಡೆ ಮೇಲೆ ಮೊದ್ಲು ಕೆಂಪು ಗೆರೆಯ ಚೌಕಗಳನ್ನ ಹಾಕ್ಕೊಂಡು, ನಿಂತ ಮನುಷ್ಯನ ಪಾದದಿಂದ ಹಣೆಯ ಕೂದಲಂಚಿನವರೆಗೆ 18 ಚೌಕ ಅಂತ ಲೆಕ್ಕ ಇಟ್ಕೊಂಡಿದ್ರು, ತುಂಬಾ ಕಾಲ ಆದ್ಮೇಲೆ ಪಾದದಿಂದ ಕಣ್ಣಿನ ಮಟ್ಟದವರೆಗೆ 21 ಚೌಕ ಅನ್ನೋ ಲೆಕ್ಕ ಬಂತು. ಅದೇ ಚೌಕ ಹಾಕ್ಕೊಂಡು ಒಂದು ಆಳು ಬರೀತೀವಿ, ಆಮೇಲೆ ಚೌಕ ಬಿಟ್ಟು ಬರೀತೀವಿ, ಅಷ್ಟೇ.

ಜಾಸ್ತಿ ಸಮಯ ಕೊಡ್ತಿರೋದು ಪರ್ಸ್ಪೆಕ್ಟಿವ್‌ಗೆ, ಅಂದ್ರೆ ದೂರ ಹತ್ತಿರ ಕಾಗದದ ಮೇಲೆ ಕಾಣೋ ಹಾಗೆ ಬರೆಯೋದಕ್ಕೆ, ಯಾಕಂದ್ರೆ ತುಂಬಾ ಜನ ಕೈಬಿಡೋದು ಇಲ್ಲೇ. ವ್ಯಾನಿಶಿಂಗ್ ಪಾಯಿಂಟ್ (ಗೆರೆಗಳು ದೂರದಲ್ಲಿ ಸೇರೋ ಬಿಂದು), ಹೊರೈಜನ್ ಲೈನ್ (ಕಣ್ಣಿನ ಮಟ್ಟದ ಗೆರೆ), ಸ್ಕೇಲ್ ಇಟ್ಟು ಗೆರೆ ಎಳೀರಿ ಅಂತ ಹೇಳಿದ ಕೂಡ್ಲೇ ಚಿತ್ರ ಹೋಗಿ ಗಣಿತದ ಹೋಂವರ್ಕ್ ಆಗ್ಬಿಡತ್ತೆ. ಆದ್ರೆ ಇದು ಯಾರಿಗೆ ಯಾಕೆ ಬೇಕಾಯ್ತು ಅಂತ ಮೊದ್ಲು ಕೇಳಿ. ಹದಿನೈದನೇ ಶತಮಾನದ ಶುರುವಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಬ್ರುನೆಲೆಸ್ಕಿ ಅನ್ನೋ ವಾಸ್ತುಶಿಲ್ಪಿ, ಅಲ್ಲಿನ ಬ್ಯಾಪ್ಟಿಸ್ಟ್ರಿ, ಅಂದ್ರೆ ಕ್ರೈಸ್ತರ ದೀಕ್ಷಾಸ್ನಾನದ ಕಟ್ಟಡನ ಒಂದು ಹಲಗೆ ಮೇಲೆ ಬರೆದು, ಹಲಗೆಗೆ ಒಂದು ತೂತು ಮಾಡಿ, ಹಿಂದಿನಿಂದ ಆ ತೂತಲ್ಲಿ ಕಣ್ಣಿಟ್ಟು ಎದುರಿಗೆ ಹಿಡಿದ ಕನ್ನಡಿಯಲ್ಲಿ ಚಿತ್ರನ ನೋಡೋ ಹಾಗೆ ಮಾಡಿದ್ರು, ನೋಡೋರಿಗೆ ನಿಜವಾದ ಕಟ್ಟಡನೇ ಕಂಡ ಹಾಗೆ. 1435ರಲ್ಲಿ ಆಲ್ಬೆರ್ಟಿ ಅನ್ನೋ ವಿದ್ವಾಂಸರು ಆ ವಿಧಾನನ ಬರಹದಲ್ಲಿಟ್ರು. ಈ ಎರಡರ ನಡುವೆ, 1427ರ ಆಸುಪಾಸಲ್ಲಿ, ಮಸಾಚ್ಚೋ ಅನ್ನೋ ಚಿತ್ರಕಾರ ಅದೇ ಊರಿನ ಸಾಂತಾ ಮರಿಯಾ ನೊವೆಲ್ಲಾ ಚರ್ಚಿನ ಗೋಡೆ ಮೇಲೆ ತ್ರಿನಿಟಿ ಅನ್ನೋ ಚಿತ್ರ ಬರೆದ, ಅದರಲ್ಲಿ ಗೆರೆಗಳೆಲ್ಲಾ ಹೋಗಿ ಸೇರೋ ಬಿಂದು ಸುಮಾರಾಗಿ ಎದುರಿಗೆ ನಿಂತೋರ ಕಣ್ಣಿನ ಮಟ್ಟಕ್ಕೇ ಇದೆ. ಅಂದ್ರೆ ಆ ಬಿಂದು ಚಿತ್ರದೊಳಗಿನದ್ದಲ್ಲ, ನೋಡ್ತಿರೋ ನಿಮ್ಮದು, ನೀವು ಎಲ್ಲಿ ನಿಂತಿದೀರ ಅನ್ನೋದರ ಗುರುತು. ಇಷ್ಟು ಹೊಳೆದ ಮೇಲೆ ರೂಮಿನ ಮೂಲೆ ಬರೆಯೋಕೆ ಕೂತ್ರೆ ಗೆರೆ ಯಾವ ಕಡೆ ಓಡ್ಬೇಕು ಅನ್ನೋದು ತಾನಾಗೇ ಗೊತ್ತಾಗತ್ತೆ.

ಅಲ್ಲಿಗೇ ನಿಲ್ಲಿಸೋದೂ ನಮಗಿಷ್ಟ ಇಲ್ಲ. 1072ರಲ್ಲಿ ಚೀನಾದ ಗುವೋ ಶೀ ಬರೆದ ಬೆಟ್ಟಗಳ ಚಿತ್ರ ಒಂದಿದೆ, ಹೆಸರು ಅರ್ಲಿ ಸ್ಪ್ರಿಂಗ್. ಅದರಲ್ಲಿ ಒಂದೇ ಬಿಂದು ಅನ್ನೋದೇ ಇಲ್ಲ, ಕೆಳಗಿನಿಂದ ತಲೆ ಎತ್ತಿ ನೋಡಿದ ಎತ್ತರ, ಮುಂದಿನ ಬೆಟ್ಟ ದಾಟಿ ಹಿಂದೆ ಕಾಣೋ ಆಳ, ಅಡ್ಡಡ್ಡ ಹರಡಿಕೊಂಡ ದೂರ, ಮೂರೂ ಒಂದೇ ಚಿತ್ರದಲ್ಲಿವೆ, ನೋಡೋರ ಕಣ್ಣು ಒಳಗೆ ನಡ್ಕೊಂಡು ಹೋಗತ್ತೆ. ಫ್ಲಾರೆನ್ಸ್‌ನವರ ದಾರಿಯೊಂದೇ ಸರಿ, ಉಳಿದೋರಿಗೆ ಬರ್ತಿರ್ಲಿಲ್ಲ ಅನ್ನೋ ತಿಳುವಳಿಕೆ ನಮ್ಮ ಕ್ಲಾಸಿಂದ ಯಾರೂ ತಗೊಂಡು ಹೋಗ್ಬಾರ್ದು, ಇದು ನಮಗೆ ತುಂಬಾ ಮುಖ್ಯ.

ಶೇಡಿಂಗ್ ಕ್ಲಾಸಿಗೆ ಅಜಂತಾ. ಒಂದನೇ ಗುಹೆಯ ಬೋಧಿಸತ್ವ ಪದ್ಮಪಾಣಿಯ ಮುಖ, ಭುಜ ನೋಡಿ, ಬೆಳಕು ಇಂಥಾ ಕಡೆಯಿಂದಾನೇ ಬೀಳ್ತಿದೆ ಅಂತ ಹೇಳೋಕಾಗಲ್ಲ, ಆದ್ರೂ ದೇಹಕ್ಕೆ ದುಂಡು ಬಂದಿದೆ. ಅಂಚಿನ ಕಡೆ ಬಣ್ಣ ಗಾಢ ಮಾಡ್ತಾ ಉಬ್ಬಿದ ಜಾಗ ತಿಳಿ ಬಿಟ್ಟು ಬರೋ ದುಂಡು ಅದು. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರದಲ್ಲಿ ಇದಕ್ಕೆ ವರ್ತನಾ ಅಂತಾರೆ, ಅದರಲ್ಲೂ ಮೂರು ಬಗೆ, ಅವುಗಳಲ್ಲಿ ಎಲೆಯ ನರಗಳ ಹಾಗೆ ಗೆರೆ ಎಳೆಯೋದು ಪತ್ರಜ, ಚುಕ್ಕೆ ಇಟ್ಟು ಮಾಡೋದು ಬಿಂದುಜ, ಇವೆರಡನ್ನೂ ನಾವು ಪೆನ್ಸಿಲ್‌ನಲ್ಲೇ ಮಾಡಿ ನೋಡ್ತೀವಿ. ಆಮೇಲೆ ಇಟಲಿಯ ಚಿತ್ರಕಾರ ಕರವಾಜ್ಜೋ ಚಿತ್ರ ಒಂದನ್ನ ಪಕ್ಕದಲ್ಲಿಟ್ಟು, ಒಂದೇ ಕಡೆಯಿಂದ ದೀಪ ಬಿದ್ರೆ ಏನಾಗತ್ತೆ ಅಂತ ಬರೀತೀವಿ. ಇದ್ದಿಲು ಕೈಗೆ ಬರೋ ದಿನ ಫ್ರಾನ್ಸಿನ ಶೋವೆ ಗುಹೆ ತೋರಿಸ್ತೀವಿ. 1994ರಲ್ಲಿ ಪತ್ತೆಯಾದ ಆ ಗುಹೆಯಲ್ಲಿ 30 ಸಾವಿರ ವರ್ಷಕ್ಕೂ ಹಿಂದಿನ ಕುದುರೆಗಳಿವೆ, ಬರೆದೋರು ಇದ್ದಿಲನ್ನ ಗೋಡೆ ಮೇಲೆ ಬೆರಳಲ್ಲಿ ತಿಕ್ಕಿ ನೆರಳು ಮಾಡಿದಾರೆ. ನೀವು ಕಾಗದದ ಮೇಲೆ ಬೆರಳಿಟ್ಟು ತಿಕ್ಕೋದೂ ಅದೇ ಕೆಲಸ, ಇದನ್ನ ಹೇಳುವಾಗ ಪ್ರತಿ ಸಲಾನೂ ನಮಗೇ ಮೈ ಜುಂ ಅನ್ನತ್ತೆ.

ಕುದುರೆ ಅಂದ್ರೆ ಇನ್ನೊಂದು. 1821ರಲ್ಲಿ ಫ್ರಾನ್ಸಿನ ಚಿತ್ರಕಾರ ಜೆರಿಕೋ ಬರೆದ, ಇಂಗ್ಲೆಂಡಿನ ಎಪ್ಸಮ್ ರೇಸಿನ ಕುದುರೆಗಳು ನಾಲ್ಕೂ ಕಾಲು ಹಿಂದೆ ಮುಂದೆ ಚಾಚಿ ಗಾಳಿಯಲ್ಲಿವೆ. 1878ರಲ್ಲಿ ಮೈಬ್ರಿಡ್ಜ್ ಅನ್ನೋ ಫೋಟೋಗ್ರಾಫರ್ ಸಾಲಾಗಿ ಕ್ಯಾಮೆರಾ ಇಟ್ಟು ಫೋಟೋ ತೆಗೆದಾಗ ಗೊತ್ತಾಯ್ತು, ನಾಲ್ಕೂ ಕಾಲು ನೆಲ ಬಿಡೋದು ಅವು ಹೊಟ್ಟೆ ಕೆಳಗೆ ಮಡಚ್ಕೊಂಡಾಗ. ದೊಡ್ಡ ದೊಡ್ಡ ಕಲಾವಿದರೂ ಕಣ್ಣಿಗೆ ಕಂಡಿದ್ದಕ್ಕಿಂತ ತಲೆಯಲ್ಲಿದ್ದ ಕುದುರೇನೇ ಬರೀತಿದ್ರು. ಕಣ್ಣು ಅಂದ್ರೆ ಬಾದಾಮಿ ಆಕಾರ ಅಂತ ಮೊದ್ಲೇ ನಿರ್ಧಾರ ಮಾಡ್ಕೊಂಡು ಮುಖ ಬರೆಯೋಕೆ ಕೂರೋ ಹೊಸಬರಿಗೆ ಇದಕ್ಕಿಂತ ಸಮಾಧಾನ ಕೊಡೋ ಪಾಠ ಇನ್ನೊಂದು ನಮಗೆ ಗೊತ್ತಿಲ್ಲ.

ಕೆಲವರು ಆಗ್ಲೇ ಕೇಳಿದಾರೆ, ಹಳೇ ಚಿತ್ರ ನೋಡಿ ಬರೆದ್ರೆ ಅದು ಕಾಪಿ ಅಲ್ವಾ, ನಮ್ಮದೇ ಶೈಲಿ ಹೋಗ್ಬಿಡಲ್ವಾ ಅಂತ. ಹೋಗಲ್ಲ. ಮೊಘಲ್ ಆಸ್ಥಾನದ ಅಬುಲ್ ಹಸನ್ 1600ರಲ್ಲಿ, ಅವನಿಗೂ ಆಗ ಹದಿಮೂರೇ ವರ್ಷ, ಡ್ಯೂರರ್‌ನ ಒಂದು ಅಚ್ಚಿನ ಚಿತ್ರದಲ್ಲಿದ್ದ ಸಂತ ಜಾನ್‌ನ ನೋಡಿ ಬರೆದ, ಮುಂದೆ ಜಹಾಂಗೀರನ ಅಚ್ಚುಮೆಚ್ಚಿನ ಚಿತ್ರಕಾರ ಆದ. ಸುಮಾರು ಅರ್ಧ ಶತಮಾನ ಕಳೆದ ಮೇಲೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ರೆಂಬ್ರಾಂಟ್, ಆಗ್ಲೇ ಹೆಸರು ಮಾಡಿದ್ದೋರು, ಮೊಘಲ್ ಚಿತ್ರಗಳನ್ನ ಎದುರಿಗಿಟ್ಕೊಂಡು ಬರೆದ್ರು, ಅವುಗಳಲ್ಲಿ ಇಪ್ಪತ್ತಕ್ಕೂ ಜಾಸ್ತಿ ಉಳ್ಕೊಂಡಿವೆ. ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ! ವ್ಯಾನ್ ಗೋ 1880ರಲ್ಲಿ, 27ನೇ ವಯಸ್ಸಲ್ಲಿ, ಕಲಾವಿದ ಆಗ್ತೀನಿ ಅಂತ ಹೊರಟು ಮಾಡಿದ ಮೊದಮೊದಲ ಕೆಲಸಗಳಲ್ಲಿ ಒಂದು, ಶಾರ್ಲ್ ಬಾರ್ಗ್ ಅನ್ನೋರ ಅಭ್ಯಾಸದ ಹಾಳೆಗಳನ್ನ ಒಂದೊಂದಾಗಿ ನೋಡಿ ಬರೆದಿದ್ದು. ಅವರ ಗೆರೆನ ಬೇರೆ ಯಾರದ್ದೋ ಅಂತ ಯಾರಾದ್ರೂ ಅನ್ಕೋತಾರಾ?

ಈಗ ವ್ಯವಸ್ಥೆ ವಿಷಯ. ಕ್ಲಾಸು ಒಂದೂವರೆ ಗಂಟೆ ಇದ್ದಿದ್ದು ಎರಡು ಗಂಟೆ ಆಗತ್ತೆ, ಅದರಲ್ಲಿ ಮುಕ್ಕಾಲು ಪಾಲು ಕೈ ಕೆಲಸಾನೇ, ಸ್ಲೈಡ್ ಹಾಕ್ಕೊಂಡು ಲೆಕ್ಚರ್ ಕೊಡಲ್ಲ, ಪರೀಕ್ಷೆಯೂ ಇಲ್ಲ. ಡ್ರಾಯಿಂಗ್ ಕ್ಲಾಸಿನ ಫೀಸೇ ಮುಂದುವರಿಯತ್ತೆ, ಜಾಸ್ತಿ ಮಾಡ್ತಿಲ್ಲ. ಈಗಾಗ್ಲೇ ಎರಡಕ್ಕೂ ಫೀಸ್ ಕಟ್ಟಿರೋರಿಗೆ ಒಂದರ ದುಡ್ಡು ವಾಪಸ್ ಬರತ್ತೆ, ಇಲ್ಲಾ ಅದನ್ನ ಮುಂದಿನ ಹಂತಕ್ಕೆ ಜಮಾ ಮಾಡಿ ಅಂದ್ರೆ ಹಾಗೇ ಮಾಡ್ತೀವಿ. ನಡೀತಿರೋ ಬ್ಯಾಚ್‌ಗಳು ಹೇಗಿವೆಯೋ ಹಾಗೇ ಮುಗೀತವೆ, ಮಧ್ಯದಲ್ಲಿ ಏನೂ ಬದಲಾಗಲ್ಲ.

ಪೆನ್ಸಿಲ್ ಹಿಡಿಯೋಕೇ ಇಷ್ಟ ಇಲ್ಲ, ಇತಿಹಾಸ ಮಾತ್ರ ಕೇಳ್ಬೇಕು ಅನ್ನೋರೂ ನಮ್ಮಲ್ಲಿದೀರ, ಅವರನ್ನ ಕೈಬಿಡಲ್ಲ. ಹಳೇ ಕ್ಲಾಸಿನ ರೆಕಾರ್ಡಿಂಗ್ ನಿಮಗೆ ಸಿಗ್ತಾ ಇರತ್ತೆ. ಆದ್ರೂ ಒಂದ್ಸಲ ಬಂದು ಕೂತು ನೋಡಿ ಅನ್ನೋದು ನಮ್ಮ ಕೋರಿಕೆ, ಗೆರೆ ಚೆನ್ನಾಗಿ ಬರ್ಬೇಕು ಅಂತೇನಿಲ್ಲ, ಒಂದು ಕೈಯನ್ನ ಹತ್ತು ನಿಮಿಷ ನೋಡಿ ಬರೆದೋರು ಡ್ಯೂರರ್ ಬರೆದ ಕೈನ ನೋಡೋ ರೀತಿನೇ ಬೇರೆ.

ಮೊದಲನೇ ಕ್ಲಾಸಿಗೆ ಒಂದು ಸ್ಕೆಚ್ ಬುಕ್, ಒಂದು ಟೂಬಿ ಪೆನ್ಸಿಲ್ ಸಾಕು, ಚಿತ್ರಗಳ ಪ್ರಿಂಟ್ ನಾವೇ ಕೊಡ್ತೀವಿ. ಹೊಸ ಕ್ಲಾಸಿಗೆ ಬರ್ತೀರಾ, ದುಡ್ಡು ವಾಪಸ್ ಬೇಕಾ, ಬರೀ ರೆಕಾರ್ಡಿಂಗ್ ಸಾಕಾ, ಯಾವುದಾದ್ರೂ ಸರಿ, ಈ ತಿಂಗಳು ಮುಗಿಯೋದ್ರೊಳಗೆ ಇದಕ್ಕೇ ಉತ್ತರ ಬರೆದು ತಿಳಿಸಿ.

ವಂದನೆಗಳೊಂದಿಗೆ,
ನಿಮಗೆ ಕಲಿಸ್ತಿರೋ ನಾವೆಲ್ಲರೂ