ಪುಟ್ಟನಿಗೆ ಜೊತೆ ಬೇಕು: ಅಕ್ಕನಿಗೆ ಒಂದು ಪತ್ರ

ಎಡಿನ್‌ಬರೋ, ಸ್ಕಾಟ್ಲೆಂಡ್

ಪ್ರೀತಿಯ ಅಕ್ಕನಿಗೂ ಭಾವನವರಿಗೂ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಇಳಿದಿದೆ ಎಂದು ಓದಿ ಸಮಾಧಾನವಾಯಿತು.

ಈ ಪತ್ರ ನಿಮ್ಮ ಮಗ ಪುಟ್ಟನ ಬಗ್ಗೆ. ಅವನಿಗೆ ಜನರೇ ಬೇಡ, ಅವನು ಕೋಣೆಯಲ್ಲೇ ಸುಖವಾಗಿದ್ದಾನೆ ಎಂದು ಭಾವನವರು ಫೋನಿನಲ್ಲಿ ಹೇಳಿದರು. ಅವನು ರಾತ್ರಿ ಕಾಲೇಜಿನ ಹಳೆಯ ಫೋಟೋಗಳನ್ನು ನೋಡುತ್ತ ಬಹಳ ಹೊತ್ತು ಕುಳಿತಿರುತ್ತಾನೆ ಎಂದು ನೀನು ಬರೆದೆ. ಎರಡೂ ನಿಜವಿರಬೇಕು. ದಿನದ ಬಹುಪಾಲನ್ನು ಒಬ್ಬನೇ ಕಳೆಯಲು ಬಯಸುವವನಿಗೂ ತನ್ನನ್ನು ಬಲ್ಲ ನಾಲ್ಕು ಜನ ಬೇಕೆನಿಸುತ್ತದೆ ಎಂಬುದನ್ನು ನಾನು ಇಲ್ಲಿಗೆ ಬಂದ ಮೇಲೆ ಕಣ್ಣಾರೆ ಕಂಡಿದ್ದೇನೆ. ಅದಕ್ಕಾಗಿಯೇ ಈ ದೀರ್ಘ ಪತ್ರ.

ಪುಟ್ಟನಂತೆಯೇ ಆಟಿಸಂ (ಜನರೊಡನೆ ಬೆರೆಯುವ, ಸದ್ದು ಬೆಳಕುಗಳನ್ನು ಅನುಭವಿಸುವ ರೀತಿ ಹುಟ್ಟಿನಿಂದಲೇ ಬೇರೆಯಾಗಿರುವುದು) ಇರುವ ವಯಸ್ಕರು ತಾವೇ ಸೇರಿ ನಡೆಸುವ ಒಂದು ಗುಂಪಿಗೆ ನಾನು ಸ್ವಯಂಸೇವಕಿಯಾಗಿ ಹೋಗುತ್ತೇನೆ. ಬಾಗಿಲ ಬಳಿ ನಿಂತು ದಾರಿ ತೋರಿಸುವುದು, ಚಹಾ ಮಾಡಿಡುವುದು ನನ್ನ ಕೆಲಸ. ಏನು ನಡೆಯಬೇಕೆಂದು ತೀರ್ಮಾನಿಸುವವರು ಅವರೇ. ಹೊಸಬರಿಗೆ ಮುಂಚಿತವಾಗಿಯೇ ಕಟ್ಟಡದ, ಮೆಟ್ಟಿಲಿನ, ಕೋಣೆಯ ಫೋಟೋಗಳನ್ನು ಕಳುಹಿಸಿ, ಎಷ್ಟು ಹೊತ್ತಿಗೆ ಆರಂಭ, ಎಷ್ಟು ಹೊತ್ತಿಗೆ ಮುಕ್ತಾಯ, ಸುಮಾರು ಎಷ್ಟು ಜನ ಇರುತ್ತಾರೆ ಎಂಬುದನ್ನೆಲ್ಲ ಬರೆದು ತಿಳಿಸುತ್ತಾರೆ. ಟ್ಯೂಬ್‌ಲೈಟಿನ ಮಿನುಗು ಮತ್ತು ಗುಂಯ್‌ಗುಡುವ ಸದ್ದು ಕೆಲವರಿಗೆ ಸಹಿಸಲಾಗದ್ದರಿಂದ ಅದನ್ನು ಆರಿಸಿ ಮೇಜಿನ ದೀಪ ಇಡುತ್ತಾರೆ. ಪಕ್ಕದಲ್ಲಿ ಯಾರೂ ಮಾತಾಡದ ಒಂದು ಕೋಣೆ ಇದೆ. ಎದ್ದು ಹೋಗುವವರು ಯಾರಿಗೂ ಕಾರಣ ಹೇಳಬೇಕಿಲ್ಲ.

ನನಗೆ ಬಹಳ ಹಿಡಿಸಿದ್ದು ಬಣ್ಣದ ಬ್ಯಾಡ್ಜುಗಳ ಪದ್ಧತಿ. ಹಸಿರು ಧರಿಸಿದವರನ್ನು ಯಾರು ಬೇಕಾದರೂ ಮಾತಾಡಿಸಬಹುದು; ಹಳದಿ ಧರಿಸಿದವರನ್ನು ಪರಿಚಿತರು ಮಾತ್ರ; ಕೆಂಪು ಧರಿಸಿದವರನ್ನು ಸದ್ಯಕ್ಕೆ ಯಾರೂ ಮಾತಾಡಿಸಬಾರದು. ಇದು ಅಮೆರಿಕದಲ್ಲಿ ಆಟಿಸ್ಟಿಕ್ ಜನರು ತಮ್ಮ ಕೂಟಗಳಿಗಾಗಿ ರೂಪಿಸಿಕೊಂಡದ್ದು. ಬ್ರಿಟನ್ನಿನಲ್ಲಿ 2005ರಿಂದ ಅವರೇ ನಡೆಸುತ್ತಿರುವ ಆಟ್‌ಸ್ಕೇಪ್ ಎಂಬ ವಸತಿ ಸಮ್ಮೇಳನದಲ್ಲೂ ಬಳಕೆಯಲ್ಲಿದೆ. ಎದುರಿನವರ ಮುಖ ನೋಡಿ ಮನಸ್ಸನ್ನು ಊಹಿಸಬೇಕಾದ ಕಷ್ಟ ಇದರಿಂದ ಅರ್ಧ ಇಳಿದುಹೋಗುತ್ತದೆ. ಕೆಂಪು ಬ್ಯಾಡ್ಜ್ ಧರಿಸಿಯೂ ಜನ ಬರುತ್ತಾರೆ, ಅಕ್ಕ. ಮಾತು ಬೇಡವಾದ ದಿನವೂ ಇತರರ ನಡುವೆ ಕುಳಿತಿರಬೇಕೆಂಬ ಆಸೆ ಅವರಿಗಿದೆ.

ಐವತ್ತು ದಾಟಿದ ಮೇಲೆ ತನಗೆ ಆಟಿಸಂ ಇದೆಯೆಂದು ತಿಳಿದುಕೊಂಡ ಒಬ್ಬರು ಬಹಳ ಕಾಲ ಮೂಲೆಯ ಮೇಜಿನಲ್ಲಿ ಚಿತ್ರದ ತುಣುಕುಗಳನ್ನು ಜೋಡಿಸುತ್ತ ಮೌನವಾಗಿಯೇ ಇದ್ದರು. ಒಮ್ಮೆ ಅವರು ಬರದಿದ್ದಾಗ ಮತ್ತೊಬ್ಬ ಸದಸ್ಯರು ಕ್ಷೇಮ ವಿಚಾರಿಸಿ ಸಂದೇಶ ಕಳುಹಿಸಿದರು. ತಾನು ಇಲ್ಲದ್ದನ್ನು ಒಬ್ಬರು ಗಮನಿಸಿದ್ದು ಅದೇ ಮೊದಲು ಎಂದು ಅವರು ಆಮೇಲೆ ನನ್ನೊಡನೆ ಹೇಳಿದರು. ಈಗ ಆ ಮೇಜಿನಲ್ಲಿ ಮೂವರು ಕೂರುತ್ತಾರೆ.

ಪುಟ್ಟನನ್ನು ಜನರೊಡನೆ ಬೆರೆಯುವುದನ್ನು ಕಲಿಸುವ ತರಗತಿಗೆ ಸೇರಿಸಬೇಕೆಂಬ ಯೋಚನೆ ಭಾವನವರಿಗಿದೆ. ಚಿಕ್ಕಂದಿನಲ್ಲಿ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಅವನನ್ನು ಕರೆದೊಯ್ಯುತ್ತಿದ್ದಿರಿ. ಅಲ್ಲಿ ಸಿಕ್ಕ ಮಾತಿನ ತರಬೇತಿ ಅವನಿಗೆ ನಿಜವಾಗಿಯೂ ನೆರವಾಯಿತು. ಆದರೆ ಈಗ ಬೆಳೆದುನಿಂತ ಅವನಿಗೆ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲು ಕಲಿಸುವುದರಿಂದ ಸ್ನೇಹಿತರು ಸಿಗುತ್ತಾರೆಂದು ನನಗೆ ಅನಿಸುವುದಿಲ್ಲ. ದಿನವಿಡೀ ಬೇರೆಯವರಂತೆ ನಟಿಸಿ ಮನೆಗೆ ಬಂದು ಕುಸಿದುಬೀಳುವವರನ್ನು ನಾನು ಇಲ್ಲಿ ನೋಡುತ್ತಿದ್ದೇನೆ. ಸ್ವತಃ ಆಟಿಸ್ಟಿಕ್ ಆಗಿರುವ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಬರೆದ ಲೇಖನದಲ್ಲಿ, ಅರ್ಥವಾಗದಿರುವ ತೊಡಕು ಎರಡೂ ಕಡೆಯದು, ಉಳಿದವರಿಗೂ ಆಟಿಸ್ಟಿಕ್ ಜನರ ಮನಸ್ಸು ತಿಳಿಯುವುದಿಲ್ಲ ಎಂದು ವಾದಿಸಿದರು. ಈ ಊರಿನ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ 72 ಜನರನ್ನು ಎಂಟೆಂಟರ ಸಾಲುಗಳಾಗಿ ವಿಂಗಡಿಸಿ, ಒಂದು ಕಥೆಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಲು ಹೇಳಿದ ಅಧ್ಯಯನವನ್ನು ಪ್ರಕಟಿಸಿದರು. ಆಟಿಸ್ಟಿಕ್ ಜನರದೇ ಸಾಲುಗಳು ಉಳಿದವರ ಸಾಲುಗಳಷ್ಟೇ ಚೆನ್ನಾಗಿ ಕಥೆ ದಾಟಿಸಿದವು. ಎರಡೂ ಬಗೆಯವರು ಬೆರೆತಿದ್ದ ಸಾಲುಗಳಲ್ಲಿ ಹೆಚ್ಚು ಸೋರಿಹೋಯಿತು. 311 ಜನರೊಡನೆ ನಡೆಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೆರೆತ ಸಾಲುಗಳ ಹಿನ್ನಡೆ ಕಾಣಲಿಲ್ಲ, ಆದರೆ ಆಟಿಸ್ಟಿಕ್ ಜನರ ನಡುವಿನ ಮಾತು ಕೊರತೆಯದಲ್ಲ ಎಂಬುದು ಆಗಲೂ ನಿಂತಿತು. ಪುಟ್ಟನನ್ನು ತಿದ್ದುವ ಮೊದಲು ಅವನಂಥವರು ಕೆಲವರನ್ನು ಅವನಿಗೆ ಭೇಟಿ ಮಾಡಿಸಿ ಎಂದು ನಾನು ಕೇಳುವುದು ಇದಕ್ಕೇ.

ಗುಂಪಿನಿಂದ ಎಲ್ಲವೂ ಸರಿಹೋಗುವುದಿಲ್ಲ. ಒಮ್ಮೆ ಬಂದು ಮತ್ತೆ ಬಾರದವರಿದ್ದಾರೆ. ಸದಾ ಜೊತೆಗೆ ಒಬ್ಬರು ಬೇಕಾದವರಿಗೆ, ಮಾತೇ ಇಲ್ಲದವರಿಗೆ ಇಂಥ ಕಡೆ ಜಾಗ ಸಿಗುವುದು ಇಲ್ಲಿಯೂ ಕಡಿಮೆ. ಅದು ನನ್ನನ್ನು ಬಾಧಿಸುತ್ತದೆ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ಪಟ್ಟಿಗೆ ಸೇರಿಸಿದೆ, ಪ್ರಮಾಣಪತ್ರದಿಂದ ಸಿಗುವ ಸೌಲಭ್ಯಗಳು ಮುಖ್ಯವೂ ಹೌದು. ವಾರಕ್ಕೊಮ್ಮೆ ಕಾಯುವ ಜೊತೆಗಾರರನ್ನು ಮಾತ್ರ ನಾವೇ ಹುಡುಕಬೇಕು.

ಪುಟ್ಟನಿಗೆ ಹಕ್ಕಿಗಳೆಂದರೆ ಪ್ರಾಣ. ಕುಕ್ಕರಹಳ್ಳಿ ಕೆರೆ ಮನೆಯಿಂದ ದೂರವಿಲ್ಲ. ಹೆಜ್ಜಾರ್ಲೆಗಳು, ನೀರುಕಾಗೆಗಳು ಅಲ್ಲಿವೆ. ಹಕ್ಕಿ ನೋಡುವಾಗ ಎಲ್ಲರ ಕಣ್ಣೂ ಮರದ ಮೇಲಿರುತ್ತದೆ, ಒಬ್ಬರ ಮುಖವನ್ನೊಬ್ಬರು ನೋಡಲೇಬೇಕೆಂಬ ಒತ್ತಾಯವಿಲ್ಲ, ಮೌನವೂ ಅಸಹಜವೆನಿಸುವುದಿಲ್ಲ. ತರಬೇತಿಯ ದಿನಗಳಲ್ಲಿ ನಿನಗೆ ಪರಿಚಯವಾದ ತಾಯಂದಿರ ಮಕ್ಕಳೂ ಈಗ ದೊಡ್ಡವರಾಗಿರಬೇಕು. ಅವರಲ್ಲಿ ಇಬ್ಬರು ಒಪ್ಪಿದರೂ ಸಾಕು: ಪ್ರತಿ ವಾರ ಅದೇ ದಿನ, ಅದೇ ಹೊತ್ತು, ಅದೇ ಗೇಟು. ನೀವು ಹಿರಿಯರು ಸ್ವಲ್ಪ ದೂರದ ಬೆಂಚಿನಲ್ಲಿ ಕುಳಿತಿರಿ, ನಡುವೆ ಬಂದು ‘ಮಾತಾಡು’ ಎಂದು ಹುರಿದುಂಬಿಸಬೇಡಿ.

ಮೊದಲು ಅವನನ್ನೇ ಕೇಳು. ಎದುರು ನಿಂತು ಕೇಳಬೇಡ. ವಾಟ್ಸಾಪಿನಲ್ಲಿ ಬರೆದು ಕೇಳಿ, ಉತ್ತರಕ್ಕೆ ಎಷ್ಟು ದಿನ ಬೇಕಾದರೂ ತೆಗೆದುಕೊಳ್ಳಲಿ. ಬೇಡ ಎಂದರೆ ಸದ್ಯಕ್ಕೆ ಬಿಟ್ಟುಬಿಡು. ಹೂಂ ಎಂದರೆ ವಾರದ ಯಾವ ದಿನ ಅನುಕೂಲವೆಂದು ಅವನೇ ಆರಿಸಲಿ. ಇತರ ತಾಯಂದಿರಿಗೆ ಕಳುಹಿಸಬೇಕಾದ ಪತ್ರವನ್ನು ನಾನು ಬರೆದುಕೊಡುತ್ತೇನೆ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇಂತು ನಿನ್ನ ಪ್ರೀತಿಯ ತಂಗಿ